ಒಂದು ನಾಲ್ಕು ಜನ

ಬೆಳ್ತಂಗಡಿ ಸೀಮೆಯಲ್ಲಿ ಯಾವ ಸಂಖ್ಯೆಯೂ ತನ್ನ ನಿಜವಾದ ಮೈ ತೋರಿಸಿಕೊಂಡು ತಿರುಗುವುದಿಲ್ಲ. "ಒಂದೈದು ನಿಮಿಷದಲ್ಲಿ ಬಂದೆ" ಎಂದವನು ಇನ್ನೂ ಸ್ನಾನಕ್ಕೇ ಇಳಿದಿರುವುದಿಲ್ಲ. "ಒಂದು ಲೋಟ ಚಹಾ ಕುಡಿದು ಹೋಗಿ" ಎಂದು ಕರೆದ ಮನೆಯಲ್ಲಿ ಆಗಲೇ ಕೋಳಿಯೊಂದು ಪ್ರಾಣ ಬಿಟ್ಟಿರುತ್ತದೆ. "ನಾವು ಒಂದು ನಾಲ್ಕು ಜನ ಬರ್ತೇವೆ, ಏನೂ ಮಾಡ್ಬೇಡಿ" ಎಂದು ನೆಂಟರು ಫೋನ್ ಮಾಡಿದರೆ ಮನೆಯೊಡತಿ ಮೂವತ್ತು ಜನರ ಅಕ್ಕಿ ನೆನೆಹಾಕುತ್ತಾಳೆ, ನೆಂಟರು ಮೂವತ್ತೈದು ಜನ ಬಂದು ಉಂಡು ಹೋಗುತ್ತಾರೆ, ಎರಡೂ ಕಡೆಯವರಿಗೆ ಸಂತೋಷವಾಗುತ್ತದೆ. ಇದು ಸುಳ್ಳು ಹೇಳುವುದಲ್ಲ, ಮರ್ಯಾದೆ. ಹೆಚ್ಚು ಜನ ಬರುತ್ತೇವೆ ಎನ್ನುವುದು ಬರುವವರ ಅಹಂಕಾರ. ಎಷ್ಟು ಜನ ಬರುತ್ತೀರಿ ಎಂದು ಕೇಳುವುದು ಕರೆದವರ ಸಣ್ಣತನ.

ಬೆಳ್ತಂಗಡಿಯ ಪಕ್ಕದ ಲಾಯಿಲ ಊರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಈ ಸಂಗತಿ ದಮ್ಮಾಮ್ ಫುಟ್‌ವೇರ್‌ನ ಮಾಲೀಕರಾದ ಇಬ್ರಾಹಿಂ ಖಲೀಲರಿಗೂ ಚೆನ್ನಾಗಿಯೇ ಗೊತ್ತಿತ್ತು. ನಡುವೆ ಸ್ವಲ್ಪ ಕಾಲ ಮರೆತುಹೋಯಿತು. ಅದಕ್ಕೆ ಕಾರಣ ವಯಸ್ಸಲ್ಲ, ಇಂಗ್ಲಿಷ್ ವ್ಯಾಕರಣ.

ಆದದ್ದು ಹೀಗೆ. ಖಲೀಲರ ಮಗಳು ಉಝ್ಮಾಳಿಗೆ ಮೂಡುಬಿದಿರೆಯಿಂದ ಸಂಬಂಧ ಬಂತು. ಹುಡುಗ ಅನ್ಸಾಫ್ ದನಕರುಗಳ ಡಾಕ್ಟರು. ಅವನನ್ನು ಉಝ್ಮಾ ಯಾವುದೋ ಮದುವೆಯಲ್ಲಿ ದೂರದಿಂದ ನೋಡಿದ್ದಳು. ಅದುವರೆಗೆ ಬಂದ ಸಂಬಂಧಗಳಿಗೆಲ್ಲ ಮೂಗು ಮುರಿದಿದ್ದ ಹುಡುಗಿ ಈ ಸಲ "ಉಪ್ಪ, ನಿಮ್ಮಿಷ್ಟ" ಎಂದು ತಂದೆಯ ಮುಂದೆ ತಲೆ ತಗ್ಗಿಸಿದಳು. ತಲೆ ತಗ್ಗಿಸುವ ಅಭ್ಯಾಸವೇ ಇಲ್ಲದವಳು ತಗ್ಗಿಸಿದರೆ ಅದರ ಅರ್ಥವೇನೆಂದು ತಾಯಿ ಬೀಯಮ್ಮನಿಗೆ ಆ ಕ್ಷಣವೇ ತಿಳಿಯಿತು. ಖಲೀಲರಿಗೆ ಬೀಯಮ್ಮ ಹೇಳಿದ ಮೇಲೆ ತಿಳಿಯಿತು.

ಹುಡುಗನ ತಂದೆ ಬಾವಾ ಮಾಸ್ಟರ್ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮೊದಲ ಸಲ ಫೋನಿನಲ್ಲಿ ಮಾತಾಡುವಾಗ ಅವರು ಸುಮ್ಮನೆ ಒಂದು ಪ್ರಶ್ನೆ ಕೇಳಿದರು.

"ನೀವು ದಮ್ಮಾಮಿನಲ್ಲಿ ಇದ್ರಂತೆ. ಅಲ್ಲಿ ವ್ಯವಹಾರ ಎಲ್ಲ ಇಂಗ್ಲಿಷಿನಲ್ಲೇ ಅಲ್ವಾ?"

ಖಲೀಲರು ಸೌದಿಯ ದಮ್ಮಾಮಿನಲ್ಲಿ ಡ್ರೈವರ್ ಆಗಿದ್ದರು. ಅಲ್ಲಿ ಅವರು ಆಡಿದ್ದು ಮಲಯಾಳ, ಅಗತ್ಯ ಬಿದ್ದರೆ ಹಿಂದಿ, ಸಿಟ್ಟು ಬಂದರೆ ಮನೆಮಾತಾದ ಬ್ಯಾರಿ ಭಾಷೆ. ಇಂಗ್ಲಿಷಿನಲ್ಲಿ ಅವರು ಪೂರ್ತಿಯಾಗಿ ಆಡಿದ ಒಂದೇ ವಾಕ್ಯ "ಪಾರ್ಕಿಂಗ್ ಫುಲ್" ಎಂಬುದು. ಆದರೆ ಲಾಯಿಲದಲ್ಲಿ ಅವರು ಹಬ್ಬಿಸಿಕೊಂಡ ಕಥೆ ಬೇರೆಯೇ ಇತ್ತು, ಮತ್ತು ಒಮ್ಮೆ ಹಬ್ಬಿಸಿದ ಕಥೆಗೆ ಮನುಷ್ಯ ನಿಷ್ಠನಾಗಿರಬೇಕಾಗುತ್ತದೆ.

"ಬೆಳಿಗ್ಗೆ ಎದ್ರೆ ಇಂಗ್ಲಿಷ್, ಮಲಗಿದ್ರೆ ಇಂಗ್ಲಿಷ್ ಮಾಸ್ಟ್ರೇ. ಬಾಸ್ ಅಸಲು ಇಂಗ್ಲೆಂಡಿನವ. ನನಗೆ ಕನ್ನಡವೇ ಮರೆತು ಹೋಗಿತ್ತು."

"ದೇವರೇ ಕಳಿಸಿದ ಹಾಗಾಯ್ತು!" ಎಂದರು ಮಾಸ್ಟರ್. "ರಿಟೈರ್ ಆದ ಮೇಲೆ ಗ್ರಾಮರ್ ಮಾತಾಡ್ಲಿಕ್ಕೆ ನನಗೆ ಒಂದು ಜನ ಇಲ್ಲ. ಅದರಲ್ಲೂ ಸಂಖ್ಯೆಯ ಸರ್ವನಾಮ. ನ್ಯೂಮರಲ್ ಪ್ರೊನೌನ್! ದೊಡ್ಡ ದೊಡ್ಡವರೆಲ್ಲ ಬೀಳುವುದು ಅಲ್ಲಿಯೇ. ನಿಮ್ಮಲ್ಲಿಗೆ ಬಂದಾಗ ಕೂತು ಅದನ್ನೇ ಮಾತಾಡುವ, ಆಗದಾ?"

"ಧಾರಾಳ. ನನಗೂ ಅದೆಂದ್ರೆ ಪ್ರಾಣ" ಎಂದರು ಖಲೀಲರು.

ಫೋನ್ ಇಟ್ಟ ಮೇಲೆ, ತನ್ನ ಪ್ರಾಣವಾದ ಆ ವಸ್ತು ಏನೆಂದು ತಿಳಿದುಕೊಳ್ಳುವ ಕೆಲಸ ಉಳಿಯಿತು. ಮಗಳನ್ನು ಕೇಳುವಂತಿರಲಿಲ್ಲ. ಇಂಗ್ಲೆಂಡಿನ ಬಾಸ್‌ನ ಕಥೆ ಕೇಳಿಕೊಂಡೇ ಬೆಳೆದ ಹುಡುಗಿ ಅವಳು. ಬೆಳ್ತಂಗಡಿಯಲ್ಲಿ ಕಲಿತರೆ ಮೀನು ಮಾರ್ಕೆಟಿನವರೆಗೆ ಸುದ್ದಿ ಹೋಗುತ್ತದೆ. ಹಾಗಾಗಿ ಖಲೀಲರು "ಚಪ್ಪಲಿಯ ಹೋಲ್‌ಸೇಲಿಗೆ" ಎಂದು ಹೇಳಿ ಬಂಟ್ವಾಳದ ಬಸ್ಸು ಹತ್ತಿ, ಬಿ.ಸಿ. ರೋಡಿನ ಮಹಡಿಯೊಂದರ ಮೇಲಿದ್ದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗಿ, ಕಾಲೇಜು ಹುಡುಗಿಯರ ನಡುವೆ ಮೊದಲ ಬೆಂಚಿನಲ್ಲಿ ಅತ್ತರು ಹಾಕಿಕೊಂಡು ಕುಳಿತರು.

ಟೀಚರ್ ವಿಸ್ಮಿತಾ ಚುರುಕಿನ ಹುಡುಗಿ. "ನಿಮ್ಮ ಉದ್ಯೋಗ ಎಂತ ಸರ್?" ಎಂದು ಕೇಳಿದಳು.

"ಚಪ್ಪಲಿ."

"ಹಾಗಾದ್ರೆ ಸುಲಭ. 'ಟು ಚಪ್ಪಲ್ಸ್' ಅಂತ ಹೇಳಿದ್ರೆ 'ಟು' ಎಂತ ಮಾಡ್ತದೆ? ಚಪ್ಪಲಿಯ ಕೈ ಹಿಡ್ಕೊಂಡು ಅದರ ಮುಂದೆ ನಡೀತದೆ. ಅದು ವಿಶೇಷಣ. ಈಗ ಚಪ್ಪಲಿಯನ್ನು ಹೊರಗೆ ಕಳಿಸಿ. ಕುರ್ಚಿ ಖಾಲಿಯಾಯ್ತಲ್ಲ? 'ಟು' ಹೋಗಿ ಆ ಕುರ್ಚಿಯಲ್ಲಿ ತಾನೇ ಕೂತುಕೊಳ್ತದೆ. 'ಟು ಆರ್ ಮಿಸ್ಸಿಂಗ್.' ಈಗ ಅದು ಸರ್ವನಾಮ. ನಾಮಪದ ಎದ್ದು ಹೋದ ಕುರ್ಚಿಯಲ್ಲಿ ಕೂತ ಸಂಖ್ಯೆ. ಅಷ್ಟೇ ಸರ್."

ಖಲೀಲರ ತಲೆಯೊಳಗೆ ಟ್ಯೂಬ್‌ಲೈಟು ಒಮ್ಮೆ ಮಿನುಗಿ ಹತ್ತಿಕೊಂಡಿತು. ಚಪ್ಪಲಿ ಅಂಗಡಿಯೆಂದರೆ ದಿನಕ್ಕೆ ನೂರು ಸಲ ನಡೆಯುವುದು ಇದೇ ಅಲ್ಲವೇ! ಅವರು ಎದ್ದು ನಿಂತು, "ಒನ್ ಈಸ್ ಇನ್ ದ ಶಾಪ್. ದಿ ಅದರ್ ಈಸ್ ಇನ್ ದ ಗೋಡೌನ್. ಬೋತ್ ಆರ್ ಲೆಫ್ಟ್!" ಎಂದು ಘೋಷಿಸಿದರು. ಕಾಲೇಜು ಹುಡುಗಿಯರು ಚಪ್ಪಾಳೆ ತಟ್ಟಿದರು. ಮುಂದಿನ ಕ್ಲಾಸುಗಳಲ್ಲಿ ಆಲ್, ಮೆನಿ, ಸಮ್, ನನ್ ಎಲ್ಲವೂ ಅವರ ಕೈಸೇರಿದವು. 'ಫ್ಯೂ' ಎಂದರೆ ಇಲ್ಲವೆನ್ನುವಷ್ಟು ಕಡಿಮೆ, 'ಎ ಫ್ಯೂ' ಎಂದರೆ ಪರವಾಗಿಲ್ಲ, ಕೆಲವು ಉಂಟು. ಒಂದು ಸಣ್ಣ ಅಕ್ಷರಕ್ಕೆ ಇಷ್ಟು ಬೆಲೆ ಕೊಡುವ ಭಾಷೆಯ ಮುಂದೆ, ಐದು ನಿಮಿಷ ಎಂದು ಹೇಳಿ ಸಂಜೆಗೆ ಬರುವ ತನ್ನ ಊರು ಅವರಿಗೆ ಬಹಳ ಹಿಂದುಳಿದ ಹಾಗೆ ಕಂಡಿತು.

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಖಲೀಲರೂ ಊರನ್ನು ಒಗೆಯಲು ಹೊರಟರು. ಅಂಗಡಿಗೆ ಬಂದ ಒಬ್ಬ ಹೆಂಗಸು "ಒಂದೆರಡು ಜೊತೆ ತೋರಿಸಿ" ಎಂದಳು. ಖಲೀಲರು ಎರಡು ಜೊತೆ ತೋರಿಸಿ ಕೈಕಟ್ಟಿ ನಿಂತರು.

"ಬೇರೆ ಇಲ್ವಾ?"

"ನೀವು ಕೇಳಿದ್ದು ಒಂದೆರಡು. ನಾನು ತೋರಿಸಿದ್ದು ಎರಡು. ಇನ್ನು ಬೇಕಾದ್ರೆ ಮೊದಲೇ ಹೇಳ್ಬೇಕು."

ಅವಳು ಎದುರಿನ ಅಂಗಡಿಗೆ ಹೋಗಿ ಇಡೀ ಮನೆಗೆ ಆಗುವಷ್ಟು ಚಪ್ಪಲಿ ಕೊಂಡಳು.

ಪಂಚಾಯತ್ ಸದಸ್ಯ ಕೂಸಪ್ಪನಿಗೂ ಬಿಸಿ ತಟ್ಟಿತು. ಅಂಗಡಿಯ ಮುಂದಿನ ರಸ್ತೆಯ ಗುಂಡಿಯನ್ನು "ಎರಡು ದಿನದಲ್ಲಿ ಮುಚ್ಚಿಸ್ತೇನೆ" ಎಂದು ಅವನು ಹೇಳಿದ್ದ. ಮೂರನೆಯ ದಿನ ಬೆಳಿಗ್ಗೆ ಖಲೀಲರು ಗುಂಡಿಯ ಪಕ್ಕದಲ್ಲಿ ನಿಂತುಕೊಂಡೇ ಅವನಿಗೆ ಫೋನ್ ಮಾಡಿ, "ಟು ಆರ್ ಓವರ್" ಎಂದರು. ಕೂಸಪ್ಪ ಗಾಬರಿಯಿಂದ ಬೈಕು ಓಡಿಸಿಕೊಂಡು ಬಂದ.

"ಎರಡು ದಿನ ಅಂದ್ರೆ ಎರಡು ದಿನ ಅಂತ ಯಾರಾದ್ರೂ ತಿಳ್ಕೊಳ್ತಾರಾ ಮಾರಾಯ್ರೇ? ನನ್ನ ರಾಜಕೀಯ ಜೀವನದಲ್ಲಿ ಇಂಥ ಅನ್ಯಾಯ ನೋಡ್ಲಿಲ್ಲ ನಾನು!"

ಇಂಥ ಹೊತ್ತಿನಲ್ಲಿ ಬಾವಾ ಮಾಸ್ಟರ ಫೋನ್ ಬಂತು.

"ಖಲೀಲ್ ಸಾಹೇಬ್ರೇ, ಭಾನುವಾರ ನಾವು ಒಂದು ನಾಲ್ಕು ಜನ ಬರ್ತೇವೆ. ಏನೂ ಮಾಡ್ಬೇಡಿ. ಬರೀ ಚಹಾ ಸಾಕು."

ಮಾತು ಮುಗಿಯುವ ಮೊದಲೇ ಬೀಯಮ್ಮ ಹಿತ್ತಲಿನ ಕಂಪೌಂಡಿನ ಹತ್ತಿರ ಹೋಗಿಯಾಗಿತ್ತು. ಆಚೆ ಮನೆ ನೋಣಯ್ಯನದು. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವುದು ಅವನ ಉದ್ಯೋಗ. "ಲೋಲಾಕ್ಷೀ, ದೊಡ್ಡ ಬಿರಿಯಾನಿ ಪಾತ್ರೆ ಭಾನುವಾರ ಖಾಲಿ ಉಂಟಾ?" ಎಂದು ಬೀಯಮ್ಮ ನೋಣಯ್ಯನ ಹೆಂಡತಿಯನ್ನು ಕೂಗಿ ಕೇಳಿದರು.

"ನಾಲ್ಕು ಜನಕ್ಕೆ ಆ ಪಾತ್ರೆ ಯಾಕೆ?" ಎಂದು ಖಲೀಲರು ಹಿಂದೆಯೇ ಬಂದರು.

"ನಾಲ್ಕು ಜನ ಅಂದ್ರೆ ಮೂವತ್ತಕ್ಕೆ ಕಡಿಮೆ ಇಲ್ಲ. ನೀವು ನನ್ನನ್ನು ನೋಡ್ಲಿಕ್ಕೆ ಬಂದಾಗ 'ಇಬ್ಬರೇ ಬರ್ತೇವೆ' ಅಂತ ಹೇಳಿ ಬಂದದ್ದು ಲಾರಿಯಲ್ಲಿ."

"ಅದು ಬೇರೆ. ಆಗ ನಮ್ಮ ಕಡೆಯಲ್ಲಿ ವ್ಯಾಕರಣ ಇರ್ಲಿಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಟ ಹಿಡಿಯುವವರನ್ನು ಊರು ನೋಡಿದೆ, ಅಂಥವರೊಡನೆ ಹೇಗೋ ಸಂಸಾರ ನಡೆಯುತ್ತದೆ. ಖಲೀಲರ ಮೊಲಕ್ಕೆ ಸರಿಯಾಗಿ ನಾಲ್ಕೇ ಕಾಲುಗಳಿದ್ದವು. ತೊಂದರೆಯಾದದ್ದೇ ಅದರಿಂದ.

"ಬಾವಾ ಮಾಸ್ಟ್ರು ನಮ್ಮ ನಿಮ್ಮ ಹಾಗೆ ಬಾಯಿಗೆ ಬಂದದ್ದು ಹೇಳುವ ಜನವಾ?" ಎಂದು ಅವರು ವಿವರಿಸಿದರು. "ಇಡೀ ಆಯುಷ್ಯ ಒನ್, ಟು, ಫ್ಯೂ, ಮೆನಿ ಕಲಿಸಿದ ಮನುಷ್ಯ. ಅವರು ನಾಲ್ಕು ಅಂದ್ರೆ ನಾಲ್ಕೇ. ಮೂವತ್ತು ಜನಕ್ಕೆ ಮಾಡಿಟ್ರೆ ಅವರ ಇಂಗ್ಲಿಷಿನ ಮೇಲೆ ನಮಗೆ ನಂಬಿಕೆ ಇಲ್ಲ ಅಂತ ಆಗ್ತದೆ. ಚಹಾ ಅಂದ್ರು, ಚಹಾ. ನಾಲ್ಕು ಲೋಟ."

"ಇವರಿಗೆ ಯಾರೋ ಎಂತದೋ ಮಾಡಿ ಹಾಕಿದ್ದಾರೆ ಲೋಲಾಕ್ಷೀ" ಎಂದರು ಬೀಯಮ್ಮ.

ನೋಣಯ್ಯ ಕಂಪೌಂಡಿಗೆ ಮೊಣಕೈ ಊರಿ ಬುದ್ಧಿ ಹೇಳಿದ. "ಖಲೀಲಾಕ, ನನ್ನ ಹೊಟ್ಟೆಪಾಡೇ ಇದು. ಐವತ್ತು ಕುರ್ಚಿ ಸಾಕು ಅಂದವರಿಗೆ ನಾನು ನೂರು ಹಾಕ್ತೇನೆ. ಇವತ್ತಿನವರೆಗೆ 'ಹೆಚ್ಚಾಯ್ತು ನೋಣಯ್ಯ' ಅಂತ ಒಂದು ಜನ ಹೇಳ್ಲಿಲ್ಲ."

ದಾರಿಯಲ್ಲಿ ಹೋಗುತ್ತಿದ್ದ ಕೂಸಪ್ಪನೂ ಸೇರಿಕೊಂಡ. "ಚುನಾವಣೆಯಲ್ಲಿ 'ನಮ್ಮ ಮನೆಯ ಓಟು ಎಲ್ಲ ನಿಮಗೇ' ಅಂತ ಇಡೀ ವಾರ್ಡು ಹೇಳಿತ್ತು. ಎಣಿಸುವಾಗ ಹನ್ನೊಂದು ಓಟಿನಲ್ಲಿ ಕೂದಲೆಳೆಯಲ್ಲಿ ಗೆದ್ದೆ. ಜನರ ಬಾಯಿಯ ಲೆಕ್ಕವನ್ನು ನಂಬಿ ಕೆಡ್ಬೇಡಿ."

ಸುತ್ತಲೂ ಅಜ್ಞಾನವೇ ತುಂಬಿರುವಾಗ ಜ್ಞಾನಿಗೆ ಉಳಿಯುವುದು ಒಂದೇ ದಾರಿ, ಪ್ರಮಾಣ ಒದಗಿಸುವುದು. ಖಲೀಲರು ಅಲ್ಲಿಯೇ, ಎಲ್ಲರ ಎದುರಿಗೆ, ಮಾಸ್ಟರಿಗೆ ಫೋನ್ ಹಚ್ಚಿದರು. ಬೀಯಮ್ಮ ಕೈ ಹಿಡಿದು ನಿಲ್ಲಿಸುವಷ್ಟರಲ್ಲಿ ಮಾತು ಬಾಯಿಂದ ಹೊರಗೆ ಬಿದ್ದಿತ್ತು.

"ಮಾಸ್ಟ್ರೇ, ಭಾನುವಾರದ ಆ ನಾಲ್ಕು... ಅದು ಫೋರೇ ಅಲ್ವಾ? ಫ್ಯೂ ಅಲ್ಲ, ಮೆನಿಯೂ ಅಲ್ಲ?"

ಮೂಡುಬಿದಿರೆಯ ಕಡೆಯಿಂದ "ಫೋರೇ" ಎಂಬ ಒಂದೇ ಮಾತು ಬಂದು ಫೋನ್ ಕಟ್ಟಾಯಿತು.

"ಕೇಳಿದ್ರಾ?" ಎಂದು ಖಲೀಲರು ಎದೆಯುಬ್ಬಿಸಿ ಸುತ್ತ ನೋಡಿದರು. ಲೋಲಾಕ್ಷಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಬೀಯಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕುಳಿತಿದ್ದರು. ಎಷ್ಟು ಜನ ಎಂದು ಕೇಳಿಬಿಟ್ಟಿದ್ದರು! ಹೆಣ್ಣಿನ ತಂದೆ, ಗಂಡಿನ ತಂದೆಯನ್ನು, ನೇರವಾಗಿ! ಇಂಥ ಪ್ರಶ್ನೆಯನ್ನು ಆ ಸೀಮೆಯಲ್ಲಿ ವೈರಿಗಳೂ ಕೇಳಿದವರಲ್ಲ.

ಎರಡು ದಿನ ಕಳೆಯುವಷ್ಟರಲ್ಲಿ ಉಝ್ಮಾ ಕಣ್ಣು ಕೆಂಪು ಮಾಡಿಕೊಂಡು ಅಂಗಡಿಗೇ ಬಂದಳು.

"ಉಪ್ಪ, ನೀವು ಜನ ಎಷ್ಟು ಅಂತ ಕೇಳಿದ್ರಾ?"

"ಕನ್ಫರ್ಮ್ ಮಾಡಿದ್ದು ಮಗಳೇ."

"ಅನ್ಸಾಫ್ ಮೆಸೇಜ್ ಮಾಡಿದ್ದಾರೆ. 'ಊಟಕ್ಕೆ ಮೊದಲೇ ತಲೆ ಎಣಿಸುವ ಮನೆ ನಮಗೆ ಬೇಡ' ಅಂತ ಅವರ ಉಮ್ಮ ಹೇಳಿದ್ರಂತೆ. ಬರ್ತೇವೆ ಅಂತ ಮಾತು ಕೊಟ್ಟಾಗಿದೆಯಲ್ಲ, ಅದಕ್ಕೆ ಮಾಸ್ಟ್ರು ಬರ್ತಾರೆ. ಚಹಾ ಕುಡಿದು ಹೋಗ್ತಾರೆ. ಅಷ್ಟೇ ಅಂತೆ."

ಮಗಳು ಚಪ್ಪಲಿ ಪೆಟ್ಟಿಗೆಗಳ ನಡುವೆ ನಿಂತು ದುಪಟ್ಟಾದ ತುದಿಯಲ್ಲಿ ಕಣ್ಣು ಒರೆಸಿಕೊಳ್ಳುವುದನ್ನು ನೋಡಿ ಖಲೀಲರಿಗೆ ನಿಜವಾಗಿ ಸಂಕಟವಾಯಿತು. ಆದರೆ ಒಮ್ಮೆ ಹತ್ತಿದ ಟ್ಯೂಬ್‌ಲೈಟು ಅಷ್ಟು ಸುಲಭಕ್ಕೆ ಆರುವುದಿಲ್ಲ. "ನೀನು ಹೆದರ್ಬೇಡ. ಅವರು ಒಮ್ಮೆ ಬಂದು ನನ್ನ ಗ್ರಾಮರ್ ಕೇಳಲಿ. ಎಲ್ಲ ಸರಿಯಾಗ್ತದೆ" ಎಂದರು.

ಭಾನುವಾರ ಬಂತು. ಖಲೀಲರು ಹೊರಕೋಣೆಯಲ್ಲಿ ಕುರ್ಚಿಗಳನ್ನು ಗೋಡೆಗೆ ಸಮನಾಗಿ ಜೋಡಿಸಿ, ಚಹಾದ ಲೋಟಗಳನ್ನು ತಾವೇ ಒರೆಸಿಟ್ಟರು. ತಟ್ಟೆಯಲ್ಲಿ ನಾಲ್ಕು ತುಂಡು ಅಕ್ಕಿ-ಬೆಲ್ಲದ ಕಲ್ತಪ್ಪ. ಬೀಯಮ್ಮ ಬೆಳಗಿನ ಬಾಂಗಿಗೆ ಮೊದಲೇ ಎದ್ದು ನೋಣಯ್ಯನ ಮನೆಗೂ ತಮ್ಮ ಮನೆಗೂ ಓಡಾಡುತ್ತಿದ್ದರು. ಕೇಳಿದರೆ "ಲೋಲಾಕ್ಷಿಗೆ ಸೊಂಟ ಹಿಡ್ಕೊಂಡಿದೆ, ಪಾಪ" ಎಂದರು. ಮೂವತ್ತೈದು ಜನರ ಬಿರಿಯಾನಿ ಬೇಯಿಸುವಾಗ ಯಾರ ಸೊಂಟವಾದರೂ ಹಿಡಿದುಕೊಳ್ಳುತ್ತದೆ, ಹಾಗಾಗಿ ಅದು ಪೂರ್ತಿ ಸುಳ್ಳಲ್ಲ. ನೋಣಯ್ಯನ ಅಂಗಳದಲ್ಲಿ ಶಾಮಿಯಾನವೂ ಕುರ್ಚಿಗಳೂ ಸಿದ್ಧವಾಗಿದ್ದವು. "ಹೆಚ್ಚಿನ ಜನ ಬಂದ್ರೆ ನಿಮ್ಮ ಗೇಟಿನಿಂದ ಒಳಗೆ ಕರೀರಿ" ಎಂದು ಬೀಯಮ್ಮ ನೋಣಯ್ಯನಿಗೆ ಹೇಳಿಟ್ಟಿದ್ದರು.

ಹತ್ತೂವರೆಗೆ ಕಾರು ಬಂದು ನಿಂತಿತು. ಖಲೀಲರು ಉಸಿರು ಹಿಡಿದು ನೋಡಿದರು. ಬಾವಾ ಮಾಸ್ಟರ್ ಇಳಿದರು. ಅವರ ಹೆಂಡತಿ ಮುಖ ಗಂಟಿಕ್ಕಿಕೊಂಡು ಇಳಿದರು. ಅನ್ಸಾಫ್ ಇಳಿದ. ಆಮೇಲೆ ಮಾಸ್ಟರ ಕನ್ಯಾನದ ಮಾಮಿ ಮೊದಲು ಊರುಗೋಲನ್ನೂ ನಂತರ ತಮ್ಮನ್ನೂ ಇಳಿಸಿಕೊಂಡರು. ಕಾರಿನ ಬಾಗಿಲುಗಳು ಮುಚ್ಚಿದವು. ಖಲೀಲರು ವಿಜಯದ ನಗೆಯಿಂದ ಹೆಂಡತಿಯತ್ತ ತಿರುಗಿದರು. ಬೀಯಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಕಂಪೌಂಡಿನ ಆಚೆ ಇರುವ ಬಿರಿಯಾನಿಯನ್ನು ಏನು ಮಾಡುವುದು ಎಂಬ ಚಿಂತೆ ಅವರದು.

ಈ ನಡುವೆ ಮೂಡುಬಿದಿರೆಯಲ್ಲಿ ನಡೆದದ್ದು ಲಾಯಿಲದವರಿಗೆ ಆಮೇಲೆ ತಿಳಿಯಿತು. "ಫೋರೇ" ಎಂದು ಬಾಯಿಬಿಟ್ಟ ಮಾಸ್ಟರು ಫೋನಿನಿಂದ ತಲೆಯೆತ್ತಿ ನೋಡಿದರೆ, ಹೆಣ್ಣು ನೋಡಲು ಹೊಸ ಬಟ್ಟೆ ಹೊಲಿಸಿದ್ದ ಬಂಧುಗಳೆಲ್ಲ ಸಾಲಾಗಿ ನಿಂತಿದ್ದರು. ಮಗಳು ರಶೀನಾಳಂತೂ "ತಮ್ಮನ ಹೆಂಡತಿಯನ್ನು ನೋಡ್ಲಿಕ್ಕೆ ನಾನು ಬೇಡವಾ?" ಎಂದು ಊಟ ಬಿಟ್ಟಳು. ಕೊನೆಗೆ ಮಾಸ್ಟರು ತಮ್ಮ ಮಾತನ್ನೂ ಮನೆಯ ಶಾಂತಿಯನ್ನೂ ಉಳಿಸುವ ಒಂದು ಉಪಾಯ ಹೂಡಿದರು. ಉಳಿದವರು ಎರಡು ವ್ಯಾನಿನಲ್ಲಿ ಬರಬಹುದು, ಆದರೆ ಲಾಯಿಲದ ತಿರುವಿನಲ್ಲೇ ನಿಲ್ಲಬೇಕು, ಕರೆಯುವವರೆಗೆ ಯಾರೂ ಕೆಳಗೆ ಇಳಿಯಕೂಡದು.

ಯಾರೂ ಇಳಿಯಲಿಲ್ಲ. ಆದರೆ ಗಾಳಿಯನ್ನು ಯಾರು ತಡೆಯುತ್ತಾರೆ? ದಮ್ ಒಡೆದ ಬಿರಿಯಾನಿಯ ಪರಿಮಳ ತಿರುವಿನವರೆಗೆ ಹೋಯಿತು. ವ್ಯಾನಿನ ಮಕ್ಕಳು ಅಳತೊಡಗಿದವು. ಅತ್ತ ರಸ್ತೆಯಲ್ಲಿ ನೋಣಯ್ಯ, ಅಷ್ಟು ವರ್ಷ ಮದುವೆಗಳಲ್ಲಿ ನಿಂತ ಅಭ್ಯಾಸದಿಂದ, ಎರಡೂ ಕೈ ಬೀಸಿ "ಬನ್ನಿ ಬನ್ನಿ, ಒಳಗೆ ಬನ್ನಿ" ಎಂದು ಕರೆಯುತ್ತಿದ್ದ. ವ್ಯಾನಿನ ಡ್ರೈವರುಗಳೂ ಮನುಷ್ಯರೇ.

"ಇದು ಯಾರ ಫಂಕ್ಷನ್?" ಎಂದು ಇಳಿದ ಮೇಲೆ ರಶೀನಾ ಸಂಕೋಚದಿಂದ ಕೇಳಿದಳು.

"ಎಲ್ಲ ನಮ್ಮದೇ. ಅಡುಗೆ ನಮ್ಮ ನೆರೆಯ ಬ್ಯಾರಿಗಳದ್ದು, ಹಲಾಲೇ, ಧೈರ್ಯದಿಂದ ಊಟ ಮಾಡಿ" ಎಂದಳು ಲೋಲಾಕ್ಷಿ. ಅಷ್ಟು ಪ್ರೀತಿಯಿಂದ ಕರೆದ ಮನೆಯಲ್ಲಿ ಹೆಚ್ಚು ವಿಚಾರಣೆ ಮಾಡುವುದು ಚೆಂದವಲ್ಲವೆಂದು ಎಲ್ಲರೂ ಕುಳಿತರು. ಕೂಸಪ್ಪ ಸಾಸಿವೆಕಾಳಿನಷ್ಟೂ ಬೇಸರವಿಲ್ಲದೆ ಸಲಾಡ್ ಬಡಿಸಿದ.

ಇತ್ತ ಖಲೀಲರ ಹೊರಕೋಣೆಯಲ್ಲಿ ಮಾಸ್ಟರು ಬೆನ್ನು ನೆಟ್ಟಗೆ ಮಾಡಿಕೊಂಡು, ಆರಿದ ಚಹಾ ಕುಡಿಯುತ್ತಿದ್ದರು. ಹೆಂಗಸರು ಒಳಗಿದ್ದರು. ಬೀಯಮ್ಮ ಕೊಟ್ಟ ಕಲ್ತಪ್ಪವನ್ನು ಮಾಸ್ಟರ ಹೆಂಡತಿ ಮುಟ್ಟಿಯೂ ನೋಡಲಿಲ್ಲ. ಉಝ್ಮಾ ಬಂದು ಸಲಾಂ ಹೇಳಿ ಹೋಗಿದ್ದಳು. ಅನ್ಸಾಫ್ ನೆಲ ನೋಡುತ್ತಿದ್ದ. ಇದೇ ತಕ್ಕ ಸಮಯವೆಂದು ಖಲೀಲರು ಗಂಟಲು ಸರಿಮಾಡಿಕೊಂಡರು.

"ಮಾಸ್ಟ್ರೇ, ನ್ಯೂಮರಲ್ ಪ್ರೊನೌನ್ ಅಂದ್ರೆ ಬೇರೆ ಎಂತದೂ ಅಲ್ಲ. ನಾಮಪದ ಎದ್ದು ಹೋದ ಕುರ್ಚಿಯಲ್ಲಿ ಕೂತ ಸಂಖ್ಯೆ. ಅಷ್ಟೇ."

ಮಾಸ್ಟರ ಲೋಟ ಬಾಯಿಯ ಹತ್ತಿರವೇ ನಿಂತಿತು. "ಈ ಕುರ್ಚಿಯ ವಿಷಯ ನಿಮಗೆ ಯಾರು ಹೇಳಿದ್ದು?"

"ದಮ್ಮಾಮಿನಲ್ಲಿ, ನನ್ನ ಬಾಸ್."

ಮಾಸ್ಟರಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಅವರ ಬೆನ್ನು ಸ್ವಲ್ಪ ಸಡಿಲವಾದ ಹಾಗೆ ಕಂಡಿತು. "ಒಂದು ಉದಾಹರಣೆ ಕೊಡಿ ನೋಡುವ" ಎಂದರು.

ಚಪ್ಪಲಿ ಮಾರುವವನಿಗೆ ಉದಾಹರಣೆಯ ಬರವುಂಟೇ? ಖಲೀಲರು ಎದ್ದು ಬಾಗಿಲಿಗೆ ಹೋಗಿ ಮೆಟ್ಟಿಲಲ್ಲಿ ಬಿಟ್ಟಿದ್ದ ನೆಂಟರ ಚಪ್ಪಲಿಗಳನ್ನು ತೋರಿಸಿದರು. "ತ್ರೀ ಆರ್ ನ್ಯೂ. ಒನ್ ಈಸ್ ಓಲ್ಡ್. ನನ್ ಈಸ್ ಫ್ರಮ್ ಮೈ ಶಾಪ್." ಇನ್ನು 'ಮೆನಿ' ಬಾಕಿ ಇತ್ತು. ಅದಕ್ಕೊಂದು ಉದಾಹರಣೆ ಹುಡುಕುತ್ತ ಅವರ ಕಣ್ಣು ಗಿಡ್ಡ ಕಂಪೌಂಡು ದಾಟಿ ನೋಣಯ್ಯನ ಶಾಮಿಯಾನದ ಮುಂದೆ ಹೋಗಿ ನಿಂತಿತು. ಅಲ್ಲಿ ಚಪ್ಪಲಿಗಳ ರಾಶಿಯೇ ಬಿದ್ದಿತ್ತು.

"ಮೆನಿ ಆರ್ ದೇರ್!" ಎಂದು ಅವರು ಆನಂದದಿಂದ ಕೂಗಿದರು.

ಕೂಗು ಕೇಳಿ ಮಾಸ್ಟರೂ ಎದ್ದು ಬಂದರು. ಒಳಗಿನಿಂದ ಕನ್ಯಾನದ ಮಾಮಿ ಊರುಗೋಲು ಕುಟ್ಟುತ್ತ ಬಂದು ಇಣುಕಿದರು. "ಆ ಕೆಂಪು ಕಲ್ಲಿನ ಚಪ್ಪಲಿ ನಮ್ಮ ರಶೀನಾಳದ್ದು!" ಎಂದರು. "ನಿನ್ನೆ ತಾನೇ ಅದು ನನಗೆ ಬೇಕು ಅಂತ ಕೇಳಿದ್ದಕ್ಕೆ ಕೊಡ್ಲಿಲ್ಲ ಅವಳು."

ಎಲ್ಲರೂ ಕಂಪೌಂಡಿನ ಹತ್ತಿರ ಓಡಿದರು. ಶಾಮಿಯಾನದಡಿಯಲ್ಲಿ ಮೂಡುಬಿದಿರೆಯ ಎರಡು ವ್ಯಾನು ಜನ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ರಶೀನಾಳ ಕೈಯಲ್ಲಿ ಕೋಳಿಯ ಕಾಲಿತ್ತು. ತಂದೆಯ ಮುಖ ಕಂಡದ್ದೇ ಅದು ಅಲ್ಲಿಯೇ ನಿಂತಿತು. ಕೂಸಪ್ಪನ ಸೌಟಿನಿಂದ ಈರುಳ್ಳಿಯೊಂದು ಜಾರಿ ಬಿತ್ತು.

ಖಲೀಲರಿಗೆ ಸಂಗತಿಗಳು ಒಂದೊಂದಾಗಿ ಅರ್ಥವಾದವು. ಆ ಪಾತ್ರೆಯೊಳಗಿರುವುದು ತನ್ನ ಹೆಂಡತಿಯ ಬಿರಿಯಾನಿ. ಅದನ್ನು ತಿನ್ನುತ್ತಿರುವವರು ಮಾಸ್ಟರ ಜನ. ತನ್ನ ಮನೆಯಲ್ಲಿ ತನ್ನ ವ್ಯಾಕರಣವನ್ನು ಯಾರೂ ನಂಬಿರಲಿಲ್ಲ, ಮಾಸ್ಟರ ಮನೆಯಲ್ಲಿ ಅವರದನ್ನೂ ಯಾರೂ ನಂಬಿರಲಿಲ್ಲ. ಪಕ್ಕದಲ್ಲಿ ನಿಂತ ಮಾಸ್ಟರ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಫೋರೇ ಎಂದು ಮಾತು ಕೊಟ್ಟ ಮನುಷ್ಯ, ಇಡೀ ಆಯುಷ್ಯ ಮಕ್ಕಳಿಗೆ ಸರಿ ತಪ್ಪು ಹಾಕಿದವರು, ಈಗ ತಲೆಯೆತ್ತಲಾರದೆ ನಿಂತಿದ್ದರು. ಈಗ ಯಾರ ಬಾಯಿಂದಲಾದರೂ ಒಂದು ವಕ್ರ ಮಾತು ಬಂದರೆ ಸಂಬಂಧ ಅಲ್ಲಿಗೆ ಮುಗಿಯುತ್ತಿತ್ತು. ಬಾಗಿಲಿನಲ್ಲಿ ಉಝ್ಮಾ ತುಟಿ ಕಚ್ಚಿ ನಿಂತಿದ್ದಳು. ಖಲೀಲರು ಅವಳನ್ನು ಒಮ್ಮೆ ನೋಡಿದರು.

"ನೋಣಯ್ಯಾ!" ಎಂದು ಗದರಿದರು. "ಇಷ್ಟು ಜನ ನೆಂಟರು ನಿನ್ನ ಮನೆಗೆ ಬಂದದ್ದು ನನಗೆ ಒಂದು ಮಾತು ಹೇಳ್ಲಿಲ್ಲವಲ್ಲ ನೀನು?"

ನೋಣಯ್ಯ ಕಣ್ಣು ಪಿಳಿಪಿಳಿ ಮಾಡಿದ. ಆದರೆ ಎಷ್ಟೋ ಮದುವೆಗಳ ಜಗಳಗಳ ನಡುವೆ ಶಾಮಿಯಾನ ಬಿಚ್ಚಿಕೊಂಡು ಬಂದವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ಎಲ್ಲ ಹಠಾತ್ತಾಗಿ ಬಂದದ್ದು ಖಲೀಲಾಕ" ಎಂದ.

ಖಲೀಲರು ಮಾಸ್ಟರ ಕಡೆ ತಿರುಗಿದರು. "ನೀವು ಫೋರ್ ಅಂದ್ರಿ ಮಾಸ್ಟ್ರೇ. ನಮ್ಮ ಮನೆಯ ಮೆಟ್ಟಿಲು ಹತ್ತಿದ್ದು ಫೋರೇ. ನಿಮ್ಮ ಮಾತಿನಲ್ಲಿ ಒಂದು ಕೂದಲಿನಷ್ಟು ವ್ಯತ್ಯಾಸ ಇಲ್ಲ. ಇವರೆಲ್ಲ ನೋಣಯ್ಯನ ನೆಂಟರು. ನೆರೆಮನೆಯ ನೆಂಟರು ಅಂದ್ರೆ ನಮಗೂ ನೆಂಟರೇ. ಬನ್ನಿ, ನಾವೂ ಅವರೊಟ್ಟಿಗೆ ಕೂತುಕೊಳ್ಳುವ."

ಹೀಗೆಂದು ಅವರು ಲುಂಗಿ ಎತ್ತಿ ಕಟ್ಟಿ ಕಂಪೌಂಡು ದಾಟಿ, ನೋಣಯ್ಯನ ಕೈಯಿಂದ ಬಕೆಟು ಕಿತ್ತುಕೊಂಡು ರಶೀನಾಳ ತಟ್ಟೆಗೆ ದೊಡ್ಡ ಸೌಟಿನಲ್ಲಿ ಬಡಿಸಿದರು. "ಹೌದು, ನಾವು ನೋಣಯ್ಯಣ್ಣನ ಕಡೆಯವರು" ಎಂದಳು ರಶೀನಾ, ಬಾಯಿ ತುಂಬಿದ್ದರೂ.

ಮಾಸ್ಟರು ಅನ್ಸಾಫನ ಕೈ ಹಿಡಿದುಕೊಂಡು ಗೇಟು ಸುತ್ತಿ ಬಂದು ಕುಳಿತರು. ಅವರ ಕಣ್ಣು ಒದ್ದೆಯಾಗಿತ್ತು. ಅವರ ಹೆಂಡತಿ ಪಾತ್ರೆಯೊಳಗೆ ಬಗ್ಗಿ ನೋಡಿ, ಬೀಯಮ್ಮನ ಮುಖ ನೋಡಿ, "ಇದು ಎಣಿಸಿ ಮಾಡಿದ ಅಡುಗೆ ಅಲ್ಲ" ಎಂದರು.

"ನಮ್ಮಲ್ಲಿ ತಲೆ ಎಣಿಸುವವರು ಅವರು, ಅಕ್ಕಿ ಅಳೆಯುವವಳು ನಾನು" ಎಂದರು ಬೀಯಮ್ಮ.

ಮಾಸ್ಟರ ಹೆಂಡತಿ ನಕ್ಕುಬಿಟ್ಟರು. ಉಝ್ಮಾಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ತಟ್ಟೆಯಿಂದ ಒಂದು ತುತ್ತು ಅವಳ ಬಾಯಿಗಿಟ್ಟರು. ಅಲ್ಲಿಗೆ ಹೆಣ್ಣು ನೋಡುವ ಶಾಸ್ತ್ರ ಮುಗಿಯಿತು.

ಊಟದ ನಡುವೆ ಮಾಸ್ಟರು ಖಲೀಲರ ಕಿವಿಯ ಹತ್ತಿರ ಬಾಗಿದರು. "ದಮ್ಮಾಮಿನ ನಿಮ್ಮ ಬಾಸ್‌ನ ಹೆಸರು ವಿಸ್ಮಿತಾ ಅಲ್ವಾ?"

ಖಲೀಲರು ತಟ್ಟೆಯ ಅನ್ನದಲ್ಲಿ ಕೋಳಿಯ ತುಂಡು ಹುಡುಕತೊಡಗಿದರು.

"ಆ ಕುರ್ಚಿಯ ಮಾತು ನನ್ನದು ಮಾರಾಯ್ರೇ. ಮೂಡುಬಿದಿರೆಯಲ್ಲಿ ನನ್ನ ಕ್ಲಾಸಿನಲ್ಲಿ ಕೂತು ಕಲ್ತ ಹುಡುಗಿ ಅವಳು. ಈಗ ಬಿ.ಸಿ. ರೋಡಿನಲ್ಲಿ ಕಲಿಸ್ತಾಳೆ."

"ಇಂಗ್ಲೆಂಡಿಗೆ ಹೋಗುವವರು ಬಿ.ಸಿ. ರೋಡಿನಲ್ಲೇ ಬಸ್ಸು ಬದಲಿಸ್ಬೇಕಲ್ಲ ಮಾಸ್ಟ್ರೇ" ಎಂದು ಖಲೀಲರು ಧೈರ್ಯಗೆಡದೆ ಉತ್ತರಿಸಿದರು. ಮಾಸ್ಟರು ನಕ್ಕ ರಭಸಕ್ಕೆ ಕೂಸಪ್ಪ ನೀರು ತಂದು ಕುಡಿಸಬೇಕಾಯಿತು.

ಕೈ ತೊಳೆದು, ಪಾಯಸ ಕುಡಿದು, ನಿಖಾಹಿನ ದಿನ ಗೊತ್ತುಮಾಡಿದ ಮೇಲೆ ಮಾಸ್ಟರು ಹೊರಡಲು ಎದ್ದರು. ಮೆಟ್ಟಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, ರೂಢಿಯ ಮಾತು ತಾನಾಗಿ ಅವರ ಬಾಯಿಗೆ ಬಂತು.

"ನಿಖಾಹಿಗೆ ನಾವು ಒಂದು ಹತ್ತು ಜನ ಬರ್ತೇವೆ ಸಾಹೇಬ್ರೇ. ಹೆಚ್ಚೇನೂ ಮಾಡ್ಬೇಡಿ."

ಬೀಯಮ್ಮ ಗಂಡನ ಬಾಯಿಯನ್ನೇ ನೋಡಿದರು. ಖಲೀಲರು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಕಂಪೌಂಡಿನ ಕಡೆ ತಿರುಗಿದರು.

"ನೋಣಯ್ಯ, ನಿನ್ನ ಹತ್ರ ಕುರ್ಚಿ ಎಷ್ಟುಂಟು?"

"ನಿಮಗೆ ಎಷ್ಟು ಬೇಕು ಹೇಳಿ ಖಲೀಲಾಕ."

"ಆಲ್" ಎಂದರು ಖಲೀಲರು.

ಬಾವಾ ಮಾಸ್ಟರು ತಲೆಯಾಡಿಸಿದರು. ಉತ್ತರ ಸರಿಯಾಗಿತ್ತು.